ಹೆಸರು ಮರೆತವರ ಪ್ರೇಮಕಥೆ

ಕಳೆದ ಬೇಸಗೆಯ ರಜೆಗೆ ಬಂದಿದ್ದ ನನ್ನ ಮೊಮ್ಮಗಳು ಒಂದು ಸಂಜೆ ನನ್ನನ್ನು ಟೆಲಿವಿಷನ್ನಿನ ಮುಂದೆ ಕೂರಿಸಿ ಜಪಾನೀ ಭಾಷೆಯ ಚಲನಚಿತ್ರವೊಂದನ್ನು ತೋರಿಸಿದಳು. ಅದು ನಟನಟಿಯರು ಅಭಿನಯಿಸಿದ ಚಿತ್ರವಲ್ಲ; ಬರೆದ ಚಿತ್ರಗಳಿಗೆ ಚಲನೆ ಕೊಟ್ಟು ಮಾಡಿದ್ದು. ಅಂಥವು ಮಕ್ಕಳ ವಿನೋದಕ್ಕೆ ಮಾತ್ರ ಎಂಬ ನನ್ನ ಹಳೆಯ ತಿಳಿವಳಿಕೆಯನ್ನು ಇಟ್ಟುಕೊಂಡೇ ಕುಳಿತೆ. ಒಂದೂಮುಕ್ಕಾಲು ಗಂಟೆಯ ಅನಂತರ ಎದ್ದಾಗ ಆ ತಿಳಿವಳಿಕೆ ಉಳಿದಿರಲಿಲ್ಲ. ಆದರೆ ಚಿತ್ರದ ಕೊನೆಯನ್ನು ಕುರಿತು ನನಗೂ ಅವಳಿಗೂ ಒಂದು ಚರ್ಚೆ ಹುಟ್ಟಿತು. ಆ ಚರ್ಚೆಯನ್ನೇ ಈ ದಿನ ಶ್ರೋತೃಗಳ ಮುಂದಿಡುತ್ತೇನೆ.

ಚಿತ್ರದ ಹೆಸರು ‘ಕಿಮಿ ನೊ ನಾ ವ’. ‘ನಿನ್ನ ಹೆಸರು’ ಎಂದು ಅದರ ಅರ್ಥ. ವಾಕ್ಯವನ್ನು ಮುಗಿಸದೆ ಬಿಟ್ಟಿರುವುದರಿಂದ ‘ನಿನ್ನ ಹೆಸರೇನು?’ ಎಂಬ ಪ್ರಶ್ನೆಯೂ ಅದರಲ್ಲಿ ಅಡಗಿದೆ. ಬರೆದು ನಿರ್ದೇಶಿಸಿದವರು ಮಕೊತೊ ಶಿಂಕಾಯ್. ಇವರು 1973ರಲ್ಲಿ ನಾಗಾನೊ ಪ್ರಾಂತದಲ್ಲಿ ಹುಟ್ಟಿದವರು. ಟೋಕಿಯೋದ ಚುಓ ವಿಶ್ವವಿದ್ಯಾನಿಲಯದಲ್ಲಿ ಜಪಾನೀ ಸಾಹಿತ್ಯವನ್ನು ಓದಿದವರು. 2016ರ ಆಗಸ್ಟ್ ತಿಂಗಳಲ್ಲಿ ತೆರೆಕಂಡ ಈ ಚಿತ್ರ ಜಪಾನ್ ದೇಶವೊಂದರಲ್ಲಿಯೇ 2,500 ಕೋಟಿ ಯೆನ್‌ಗಳನ್ನು ಗಳಿಸಿತು.

ಕಥೆಯನ್ನು ಸಂಕ್ಷೇಪವಾಗಿ ಹೇಳುವೆ. ಬೆಟ್ಟಗಳ ನಡುವೆ, ಸರೋವರದ ದಂಡೆಯಲ್ಲಿ ಇತೊಮೊರಿ ಎಂಬ ಕಲ್ಪಿತ ಊರು. ಅಲ್ಲಿಯ ದೇಗುಲದ ಮನೆತನದ ಹುಡುಗಿ ಮಿತ್ಸುಹಾ. ಟೋಕಿಯೋ ನಗರದಲ್ಲಿ ತಾಕಿ ಎಂಬ ಹುಡುಗ. ಇಬ್ಬರೂ ಹೈಸ್ಕೂಲಿನ ವಿದ್ಯಾರ್ಥಿಗಳು, ಒಬ್ಬರನ್ನೊಬ್ಬರು ಕಂಡವರಲ್ಲ. ನಿದ್ದೆಯಿಂದ ಎದ್ದಾಗ ಕೆಲವು ದಿನ ಇವಳು ಅವನ ದೇಹದಲ್ಲಿ, ಅವನು ಇವಳ ದೇಹದಲ್ಲಿ ಇರುತ್ತಾರೆ. ದಿನದ ವಿವರಗಳನ್ನು ಫೋನಿನಲ್ಲಿ ಬರೆದಿಟ್ಟು ಒಬ್ಬರ ಬಾಳನ್ನು ಒಬ್ಬರು ನಡೆಸುತ್ತಾರೆ. ಒಂದು ದಿನ ಈ ಅದಲುಬದಲು ತಟ್ಟನೆ ನಿಂತುಹೋಗುತ್ತದೆ. ತಾಕಿ ಆ ಊರನ್ನು ನೆನಪಿನಿಂದಲೇ ಚಿತ್ರಿಸಿ, ಹಾಳೆಗಳನ್ನು ಹಿಡಿದು ಹುಡುಕುತ್ತಾ ಹೊರಡುತ್ತಾನೆ. ಕನಸಿನಲ್ಲಿ ಕಂಡವನನ್ನು ಚಿತ್ರಲೇಖೆ ಬರೆದ ಪಟದಲ್ಲಿ ಗುರುತಿಸಿದ ಉಷೆಯ ಕಥೆ ನನಗೆ ಆಗ ನೆನಪಾಯಿತು. ಉಷೆಗೆ ಅನಿರುದ್ಧ ದೊರೆತ. ತಾಕಿಗೆ ದೊರೆತದ್ದು ಸತ್ತವರ ಪಟ್ಟಿಯಲ್ಲಿ ಮಿತ್ಸುಹಾಳ ಹೆಸರು. ಸಾವಿರದ ಇನ್ನೂರು ವರ್ಷಗಳಿಗೊಮ್ಮೆ ಬರುವ ಧೂಮಕೇತುವಿನ ತುಂಡು ಬಿದ್ದು ಆ ಊರು ಮೂರು ವರ್ಷಗಳ ಹಿಂದೆಯೇ ನಾಶವಾಗಿತ್ತು. ಅವನು 2016ರಲ್ಲಿದ್ದರೆ ಅವಳು 2013ರಲ್ಲಿದ್ದಳು.

ಚಿತ್ರದ ಮೊದಲ ಗುಣ ಅದರ ಬೇರುಗಳು ಪರಂಪರೆಯಲ್ಲಿ ಇಳಿದಿರುವುದು. ಒಂಬತ್ತನೆಯ ಶತಮಾನದ ಕವಯಿತ್ರಿ ಒನೊ ನೊ ಕೊಮಾಚಿ ಕನಸಿನ ಸಮಾಗಮವನ್ನು ಕುರಿತು ಬರೆದ ಪದ್ಯವೊಂದು ತನಗೆ ಪ್ರೇರಣೆಯಾಯಿತೆಂದು ಶಿಂಕಾಯ್ ಹೇಳಿದ್ದಾರೆ. ಚಿತ್ರದ ಆರಂಭದಲ್ಲಿ ಶಾಲೆಯ ಅಧ್ಯಾಪಕಿಯೊಬ್ಬಳು ಮುಸ್ಸಂಜೆಗೆ ಜಪಾನೀ ಭಾಷೆಯಲ್ಲಿರುವ ಹಳೆಯ ಪದವನ್ನು ಬಿಡಿಸಿ ಹೇಳುತ್ತಾಳೆ: ‘ಯಾರವರು?’ ಎಂಬ ಪ್ರಶ್ನೆಯೇ ಆ ಪದದ ಮೂಲ. ಮುಖ ಕಾಣದಷ್ಟು ಮಬ್ಬಾದ ಹೊತ್ತಿನಲ್ಲಿ ಎದುರು ಬಂದವರನ್ನು ಹಾಗೆ ಕೇಳಬೇಕಷ್ಟೆ. ಮುಂದೆ ಆ ಮಬ್ಬಿನ ಹೊತ್ತಿನಲ್ಲಿಯೇ ಪ್ರೇಮಿಗಳಿಬ್ಬರೂ ಕ್ಷಣಕಾಲ ಎದುರುಬದುರಾಗುತ್ತಾರೆ. ಪಾಠವಾಗಿ ಕೇಳಿದ ಒಂದು ಶಬ್ದವ್ಯುತ್ಪತ್ತಿ ಕಥೆಯ ಕೀಲಾಗುವುದನ್ನು ಕಂಡು, ನಲವತ್ತು ವರ್ಷಗಳಿಗೆ ಸಮೀಪವಾಗಿ ಪಾಠ ಹೇಳಿದ ನನಗೆ ಸಂತೋಷವಾಯಿತು.

ಎರಡನೆಯ ಗುಣ ಮರೆವಿನ ಚಿತ್ರಣ. ಎಚ್ಚರವಾದಂತೆ ಇಬ್ಬರಿಗೂ ಮೊದಲು ಮರೆಯುವುದು ಹೆಸರು. ಕಾಳಿದಾಸನ ದುಷ್ಯಂತನೂ ಮರೆತ. ಆದರೆ ಅಲ್ಲಿ ಶಾಪವಿತ್ತು, ಉಂಗುರವಿತ್ತು. ಇಲ್ಲಿ ಶಾಪವನ್ನು ಕೊಟ್ಟ ಮುನಿಯಿಲ್ಲ. ಮರೆವು ಕನಸಿನ ಸಹಜಧರ್ಮವಾಗಿ ಬರುತ್ತದೆ. ಹುಡುಗಿ ಕೊಟ್ಟ ಕೆಂಪು ದಾರವಿದ್ದರೂ ಅದು ಉಂಗುರದಂತೆ ನೆನಪನ್ನು ಹಿಂದಿರುಗಿಸುವುದಿಲ್ಲ. ಹೆಸರು ಮರೆಯದಿರಲೆಂದು ಪರಸ್ಪರರ ಅಂಗೈಯಲ್ಲಿ ಬರೆದುಕೊಳ್ಳಲು ಅವರು ನಿಶ್ಚಯಿಸುತ್ತಾರೆ. ಆಮೇಲೆ ಓಡುತ್ತಾ ಬಿದ್ದ ಮಿತ್ಸುಹಾ ಅಂಗೈಯನ್ನು ಬಿಚ್ಚಿ ನೋಡಿದರೆ, ತಾಕಿ ಅಲ್ಲಿ ತನ್ನ ಹೆಸರನ್ನು ಬರೆದಿಲ್ಲ. ‘ಪ್ರೀತಿಸುತ್ತೇನೆ’ ಎಂದು ಬರೆದಿದ್ದಾನೆ. ಇದರಿಂದ ಹೆಸರನ್ನು ಹೇಗೆ ನೆನಪಿಟ್ಟುಕೊಳ್ಳಲಿ ಎಂದು ಅವಳು ಅಳುತ್ತಾಳೆ. ಭಾವ ಉಳಿದು ಹೆಸರು ಅಳಿಯುವ ಈ ಒಂದು ಸಂದರ್ಭ ಚಿತ್ರವನ್ನು ಕಾವ್ಯದ ಮಟ್ಟಕ್ಕೆ ಒಯ್ಯುತ್ತದೆ.

ಇನ್ನು ದೋಷಗಳು. ಮೂರು ವರ್ಷಗಳ ಅಂತರವನ್ನು ಇಬ್ಬರೂ ಗಮನಿಸಲಿಲ್ಲವೆಂದರೆ ನಂಬುವುದು ಕಷ್ಟ. ಅವರ ಕೈಯಲ್ಲಿದ್ದ ಫೋನೇ ವಾರವನ್ನೂ ವರ್ಷವನ್ನೂ ತೋರಿಸುತ್ತಿತ್ತು. ಅದಲುಬದಲಿನ ದಿನಗಳು ಹಾಡೊಂದರ ಹಿನ್ನೆಲೆಯಲ್ಲಿ ವಿನೋದವಾಗಿ ಓಡಿಹೋಗುತ್ತವೆ. ಅನುರಾಗ ಮೊಳೆತದ್ದು ಯಾವಾಗ ಎಂದು ನಾವು ಕಾಣುವ ಮೊದಲೇ ಅದು ಮರವಾಗಿ ನಿಂತಿರುತ್ತದೆ. ರ‍್ಯಾಡ್‌ವಿಂಪ್ಸ್ ಎಂಬ ವಾದ್ಯವೃಂದದ ಹಾಡುಗಳು ಮಧುರವಾಗಿವೆ, ನಿಜ. ಆದರೆ ಚಿತ್ರವೇ ಧ್ವನಿಸಬಲ್ಲದ್ದನ್ನು ಅವು ಕೂಗಿ ಹೇಳುತ್ತವೆ.

ಇವೆಲ್ಲ ಸಣ್ಣವು. ದೊಡ್ಡ ದೋಷ ಬೇರೆಯೇ ಇದೆ. ತಾಕಿ ದೈವಬಲದಿಂದ ಮತ್ತೆ ಮಿತ್ಸುಹಾಳ ದೇಹವನ್ನು ಸೇರಿ, ಧೂಮಕೇತು ಬೀಳುವ ದಿನದ ಬೆಳಗ್ಗೆ ಎಚ್ಚರಗೊಳ್ಳುತ್ತಾನೆ. ಊರನ್ನು ತೆರವು ಮಾಡಿಸಬೇಕು. ಊರಿನ ಅಧ್ಯಕ್ಷ ಮಿತ್ಸುಹಾಳ ತಂದೆ. ಹೆಂಡತಿ ಸತ್ತ ಮೇಲೆ ಮನೆಯನ್ನೂ ದೇಗುಲವನ್ನೂ ಬಿಟ್ಟುಹೋದವನು. ಮೊದಲ ಸಲ ಮಗಳ ಮಾತನ್ನು ಅವನು ನಂಬುವುದಿಲ್ಲ. ಕೊನೆಗೆ ಮಿತ್ಸುಹಾ ತಾನೇ ತಾನಾಗಿ, ಬಿದ್ದು ಎದ್ದು ಗಾಯಗೊಂಡ ಮೈಯಲ್ಲಿ ತಂದೆಯ ಎದುರು ಬಂದು ನಿಲ್ಲುತ್ತಾಳೆ. ಅಲ್ಲಿಗೆ ದೃಶ್ಯ ಮುಗಿಯುತ್ತದೆ! ಅವಳೇನು ಹೇಳಿದಳು, ತಂದೆಯ ಮನಸ್ಸು ಹೇಗೆ ಕರಗಿತು ಎಂಬುದು ನಮಗೆ ಕಾಣುವುದಿಲ್ಲ. ಜನ ಉಳಿದರೆಂಬ ಸುದ್ದಿ ಮಾತ್ರ ಆಮೇಲೆ ಬರುತ್ತದೆ. ಮೊದಲು ಸತ್ತಿದ್ದ ಐದುನೂರು ಜನ ಹೀಗೆ ಬದುಕಿದರು.

2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ತೀರದಲ್ಲಿ ಭೂಕಂಪವಾಗಿ ಸಮುದ್ರ ಉಕ್ಕಿತು. ಊರಿಗೆ ಊರೇ ಕೊಚ್ಚಿಹೋದವು. ಆ ದುರಂತದ ನೆರಳು ಚಿತ್ರದ ಮೇಲೆ ಇದೆಯೆಂದು ನಿರ್ದೇಶಕರೇ ಒಪ್ಪಿದ್ದಾರೆ. ನಿಜವಾಗಿ ಸತ್ತವರ ನೆನಪು ಹಸಿಯಾಗಿರುವಾಗ ‘ಸಾವೇ ಆಗಲಿಲ್ಲ’ ಎಂದು ಅಳಿಸಿಬಿಡುವುದು ಉಚಿತವೆ ಎಂದು ನಾನು ಆಕ್ಷೇಪಿಸಿದೆ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾತ, ಅಜ್ಜಿ ಹಾಗೆ ವಾಪಸು ಬಂದಿದ್ದರೆ ನೀವು ಬೇಡ ಅಂತಿದ್ರಾ?” ಎಂದು ಕೇಳಿದಳು.

ನನ್ನಾಕೆ ತೀರಿಕೊಂಡು ಮೂರು ವರ್ಷಗಳಾದವು. ಹಾಲಿನ ಲೆಕ್ಕವನ್ನು ಆಕೆ ಬರೆಯುತ್ತಿದ್ದ ನೋಟ್‌ಬುಕ್ಕು ಇಂದಿಗೂ ಅಡುಗೆಮನೆಯ ಗೂಡಿನಲ್ಲಿದೆ. ಕೊನೆಯ ಪುಟದಲ್ಲಿ ಅರ್ಧ ತಿಂಗಳ ಲೆಕ್ಕ, ಉಳಿದರ್ಧ ಖಾಲಿ. ಚಿತ್ರದಲ್ಲಿ ನಾಶವಾದ ಊರಿನ ಎದುರು ನಿಂತ ತಾಕಿಯ ಕೈಯಲ್ಲಿ, ಹುಡುಗಿ ಫೋನಿನಲ್ಲಿ ಬರೆದಿಟ್ಟ ದಿನಚರಿ ಅಕ್ಷರ ಅಕ್ಷರವಾಗಿ ಅಳಿಸಿಹೋದಾಗ ನಾನು ಆ ಪುಟವನ್ನೇ ನೆನೆದಿದ್ದೆ. ಮೊಮ್ಮಗಳಿಗೆ ಆ ರಾತ್ರಿ ನಾನು ಉತ್ತರ ಹೇಳಲಿಲ್ಲ.

ಮರುದಿನ ಬೆಳಗ್ಗೆ ಹೇಳಿದ್ದು ಇಷ್ಟು: ‘ಬೇಡ ಎನ್ನುತ್ತಿರಲಿಲ್ಲ, ಮಗು. ನಿನ್ನೆ ನಾನು ಆಕ್ಷೇಪಿಸಿದ್ದು ಸರಿಯಾದ ಜಾಗವನ್ನಲ್ಲ. ಸಾವಿತ್ರಿಯೂ ಸತ್ತ ಗಂಡನನ್ನು ಹಿಂದಕ್ಕೆ ಪಡೆದಳು. ಆ ಕಥೆಯನ್ನು ಯಾರೂ ಅನುಚಿತವೆನ್ನಲಿಲ್ಲ. ಏಕೆಂದರೆ ಆಕೆ ಯಮನ ಹಿಂದೆ ಹೆಜ್ಜೆ ಹೆಜ್ಜೆಯಾಗಿ ನಡೆದದ್ದನ್ನೂ, ಮಾತು ಮಾತಾಗಿ ಗೆದ್ದದ್ದನ್ನೂ ವ್ಯಾಸರು ಬಿಡದೆ ಹೇಳುತ್ತಾರೆ. ಕೇಳುವವನೂ ಆಕೆಯೊಡನೆ ನಡೆಯುತ್ತಾನೆ. ಈ ಹುಡುಗಿಗೂ ತಂದೆಯ ಎದುರಿನಲ್ಲಿ ಅಂಥದೊಂದು ಮಾತುಕತೆ ಸಲ್ಲಬೇಕಾಗಿತ್ತು. ಬದುಕನ್ನು ಮರಳಿ ಕೊಡಲಿ. ಆದರೆ ಅದನ್ನು ಕೇಳಿ ಪಡೆದ ಮಾತನ್ನು ನಮ್ಮಿಂದ ಮುಚ್ಚಿಡಬಾರದು.’

ಅವಳು ಒಪ್ಪಿದಳೋ ಇಲ್ಲವೋ ತಿಳಿಯದು. ಅದೇ ನಿರ್ದೇಶಕರು 2022ರಲ್ಲಿ ಮಾಡಿದ ‘ಸುಜುಮೆ’ ಎಂಬ ಚಿತ್ರವನ್ನು ಆ ಸಂಜೆ ಹಾಕಿದಳು. ಅದರ ನಾಯಕಿ 2011ರ ದುರಂತದಲ್ಲಿ ತಾಯಿಯನ್ನು ಕಳೆದುಕೊಂಡವಳು. ತಾಯಿ ಮರಳಿ ಬರುವುದಿಲ್ಲ. ಬೆಳೆದ ಹುಡುಗಿ ತನ್ನದೇ ಎಳೆಯ ರೂಪವನ್ನು ಭೇಟಿಯಾಗಿ, ನೀನು ಬೆಳೆದು ದೊಡ್ಡವಳಾಗುತ್ತೀಯೆ ಎಂದು ಸಮಾಧಾನ ಹೇಳುತ್ತಾಳೆ. ಹಿಂದಿನ ಚಿತ್ರದಲ್ಲಿ ಬಿಟ್ಟುಹೋಗಿದ್ದ ಕಷ್ಟದ ಮಾತುಕತೆ ಇಲ್ಲಿ ನಮ್ಮ ಕಣ್ಣೆದುರೇ ನಡೆಯುತ್ತದೆ. ಕಲಾವಿದರು ಬೆಳೆದಿದ್ದಾರೆಂದು ನನಗೆ ತೋರಿತು.

ಆದರೂ ಎರಡರಲ್ಲಿ ಯಾವುದನ್ನು ಇನ್ನೊಮ್ಮೆ ನೋಡುವಿರಿ ಎಂದು ಕೇಳಿದರೆ, ದೋಷವುಳ್ಳ ಮೊದಲನೆಯದನ್ನೇ ಎನ್ನುತ್ತೇನೆ. ವರ್ಷಗಳು ಕಳೆದ ಮೇಲೆ ಟೋಕಿಯೋದ ಒಂದು ಕಲ್ಲುಮೆಟ್ಟಿಲ ಮೇಲೆ ಪರಸ್ಪರರನ್ನು ದಾಟಿಹೋದ ಇಬ್ಬರು ತಿರುಗಿ ನಿಂತು, ಒಟ್ಟಿಗೇ ಹೆಸರನ್ನು ಕೇಳುತ್ತಾರೆ. ಉತ್ತರ ಬರುವ ಮೊದಲೇ ಚಿತ್ರ ಮುಗಿಯುತ್ತದೆ. ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆ ನನಗಿದೆ.