ಬಣ್ಣಕ್ಕಿಂತ ಮೊದಲು ನೀರಿನ ದಾರಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕಟ್ಟುವುದಕ್ಕಿಂತ ಕಟ್ಟಿದ್ದನ್ನು ಉಳಿಸಿಕೊಳ್ಳುವುದು ಕಷ್ಟವೆಂಬುದು ಹೊರಗೋಡೆಯ ಬಣ್ಣ ಹಪ್ಪಳದಂತೆ ಎದ್ದಾಗ ನಮಗೆ ತಿಳಿಯುತ್ತದೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮನೆತನಗಳಿಗೆ ಇದು ಹೊಸ ಅನುಭವವೇನಲ್ಲ. ನೇಕಾರರ ಮನೆಯಲ್ಲಂತೂ ಇದು ಅನ್ನದ ಪ್ರಶ್ನೆ. ಮಗ್ಗದ ಹತ್ತಿನೂಲಿಗೆ ತುಸು ತೇವ ಬೇಕು; ಆದರೆ ಮಗ್ಗದ ಬದಿಯ ಗೋಡೆಯೇ ತೊಯ್ದರೆ ಹಾಸಿಗೆ ಬೂಷ್ಟು ಹಿಡಿದು ದಿನಗಳ ದುಡಿಮೆ ಹಾಳಾಗುತ್ತದೆ.

ನಮ್ಮದು ಮಳೆ ಕಡಿಮೆಯ ಬಯಲು. ಪಶ್ಚಿಮ ಘಟ್ಟದ ಮರೆಯಲ್ಲಿರುವ ಈ ಸೀಮೆಗೆ ಹೆಚ್ಚಿನ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. ಮುಂಗಾರಿನ ತಿಂಗಳುಗಳಲ್ಲಿ ಪಾಲಕ್ಕಾಡು ಕಣಿವೆಯಿಂದ ನುಗ್ಗುವ ಗಾಳಿ ತುಂತುರನ್ನು ಪಡುವಣ ಗೋಡೆಗೆ ಬಡಿಯುತ್ತದೆ. ಮಳೆ ಕಡಿಮೆಯೆಂದು ಸಜ್ಜಾವನ್ನು ಚಿಕ್ಕದು ಮಾಡಿದವರು ಈ ಗಾಳಿಯನ್ನು ಮರೆತವರು.

ಗೋಡೆಗೆ ನೀರು ಮೂರು ದಾರಿಯಲ್ಲಿ ಬರುತ್ತದೆ. ಮೇಲಿನಿಂದ ಮಳೆ, ಕೆಳಗಿನಿಂದ, ದೀಪದ ಬತ್ತಿ ಎಣ್ಣೆ ಹೀರುವಂತೆ ಇಟ್ಟಿಗೆ ಹೀರುವ ನೆಲದ ತೇವ, ಮೂರನೆಯದು ಕಟ್ಟುವಾಗ ನಾವೇ ಬೆರೆಸಿದ ನೀರು. ಈ ಕೊನೆಯದನ್ನು ನಮ್ಮಲ್ಲಿ ಹೆಚ್ಚು ಜನ ಗಮನಿಸುವುದಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಿಂದ ಹರಿದ ಉಪ್ಪು ನೊಯ್ಯಲ್ ನದಿಯ ಬದಿಯ ಬಾವಿಗಳನ್ನು ಕೆಡಿಸಿತು. 2011ರಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಆ ಕಾರ್ಖಾನೆಗಳನ್ನು ಮುಚ್ಚಿಸಬೇಕಾಯಿತು. ಸವಳು ನೀರಿನಲ್ಲಿ ಕಲಸಿದ ಗಾರೆಯಲ್ಲಿ ನೀರು ಆರಿದರೂ ಉಪ್ಪು ಉಳಿಯುತ್ತದೆ. ಗೋಡೆ ಮತ್ತೆ ತೊಯ್ದಾಗ ಅದು ಕರಗಿ ಹೊರಬಂದು, ಒಣಗುತ್ತ ಹರಳುಗಟ್ಟಿ, ಗಿಲಾವನ್ನು ಒಳಗಿನಿಂದ ಒಡೆಯುತ್ತದೆ. 2000ದ ಐ.ಎಸ್. 456 ಸಂಹಿತೆಯು ಕಬ್ಬಿಣವಿರುವ ಕಾಂಕ್ರೀಟಿನ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಮೀರಿ ಕ್ಲೋರೈಡ್ ಇರಬಾರದೆಂದು ವಿಧಿಸಿತು. ಆದುದರಿಂದ ಅಡಿಪಾಯಕ್ಕೆ ಮುಂಚೆಯೇ ಕೊಳವೆ ಬಾವಿಯ ನೀರನ್ನು ಪರೀಕ್ಷಿಸಿಕೊಳ್ಳುವುದು ಲೇಸು.

ಕಟ್ಟಿದ ಮನೆಗೆ ಏನು ಮಾಡಬೇಕು? ಮೊದಲು ರೋಗ ತಿಳಿಯಬೇಕು. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚನ್ನೂ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆ ಹನಿಗೂಡಿದ್ದರೆ ತೇವ ಗೋಡೆಯೊಳಗಿದೆ. ತಾರಸಿಯ ಪ್ಯಾರಪೆಟ್ಟಿನ ತಲೆಗೆ ಒಳಮುಖವಾಗಿ ಇಳಿಜಾರು ಕೊಡಿಸಿ. ಸಜ್ಜಾದ ಅಡಿಯಲ್ಲಿ, ಅಂಚಿಗೆ ಹತ್ತಿರ, ಬೆರಳಗಲದ ಗೀರು ತೆಗೆಸಿದರೆ ನೀರು ಗೋಡೆಗೆ ಹರಿಯದೆ ಅಲ್ಲಿಯೇ ಉದುರುತ್ತದೆ. ಗೋಡೆಯ ಬುಡಕ್ಕೆ ಹೂವಿನ ಪಾತಿ ಬೇಡ. ನೆಲ ಗೋಡೆಯಿಂದ ಹೊರಕ್ಕೆ ಇಳಿಯಲಿ. ಬಿಳಿ ಉಪ್ಪು ಮೂಡಿದಲ್ಲಿ ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ನೀರು ಸುರಿದರೆ ಕರಗಿದ ಉಪ್ಪು ಮತ್ತೆ ಗೋಡೆಯನ್ನೇ ಸೇರುತ್ತದೆ.

ನಮ್ಮ ತಪ್ಪಿನ ಮೂಲ ಇನ್ನೊಂದಿದೆ. ಹಿಂಗಾರು ಮುಗಿದ ಬೆನ್ನಲ್ಲೇ ಸಂಕ್ರಾಂತಿ ಬರುತ್ತದೆ; ಹಬ್ಬದ ಉತ್ಸಾಹದಲ್ಲಿ ನಾವು ಒದ್ದೆ ಗೋಡೆಗೆ ಬಣ್ಣ ಬಳಿಯುತ್ತೇವೆ. ಹಿಂದಿನವರೂ ಆ ಹಬ್ಬಕ್ಕೆ ಸುಣ್ಣ ಬಳಿದರು; ಸುಣ್ಣದೊಳಗಿಂದ ತೇವ ಹೊರಗೆ ಆವಿಯಾಗಬಲ್ಲದು. ಇಂದಿನ ಪ್ಲಾಸ್ಟಿಕ್ ಬಣ್ಣ ಅದನ್ನು ಒಳಗೇ ಕಟ್ಟಿಹಾಕುತ್ತದೆ.

ಆದುದರಿಂದ ನಮ್ಮ ಓದುಗರಲ್ಲಿ ಒಂದು ವಿನಂತಿ. ಸಂಕ್ರಾಂತಿಗೆ ಸುಣ್ಣ ಸಾಕು. ಗೋಡೆ ಬೇಸಿಗೆಯ ಬಿಸಿಲು ಕುಡಿದು ಒಣಗಲಿ. ಬಣ್ಣದ ಡಬ್ಬವನ್ನು ಯುಗಾದಿಗೆ ತೆರೆಯೋಣ.