ಕಾಲು ಊರಬೇಡಿ

ಅಂಡಮಾನಿನ ವಂಡೂರು ಜೆಟ್ಟಿಯಲ್ಲಿ ಬೆಳಿಗ್ಗೆ ಮೊದಲು ಕಿವಿಗೆ ಬೀಳುವುದು ಪ್ಲಾಸ್ಟಿಕ್ ಕವರುಗಳ ಪರಪರ ಸದ್ದು. ಚೀಲದ ಜಿಪ್ಪು ತೆಗೆಸಿ, ಬಿಸ್ಕತ್ತಿನ ಪೊಟ್ಟಣ ಬಿಚ್ಚಿಸಿ, ನೀರಿನ ಬಾಟಲಿ ಎಷ್ಟಿವೆಯೆಂದು ಎಣಿಸಿ, ಅವಕ್ಕೆ ಠೇವಣಿ ಕಟ್ಟಿಸಿಕೊಂಡ ಮೇಲೆಯೇ ದೋಣಿಯ ಕಡೆ ಬಿಡುತ್ತಾರೆ. ನಮ್ಮ ಮುಂದಿದ್ದ ಅಜ್ಜಿಯೊಬ್ಬರ ತಿಂಡಿಯ ಕವರೂ ಉಳಿಯಲಿಲ್ಲ. ಅಷ್ಟೂ ತಿಂಡಿ ಸೆರಗಿಗೆ ಬಂತು.

ಪೋರ್ಟ್‌ಬ್ಲೇರ್ ಈಗ ಶ್ರೀ ವಿಜಯಪುರಂ. ಅಲ್ಲಿಂದ ಸುಮಾರು 30 ಕಿ.ಮೀ. ದೂರ ಅಡಿಕೆ ತೋಟಗಳ ನಡುವೆ ಹಾದುಬಂದ ನಿದ್ದೆಗಣ್ಣುಗಳು ದೋಣಿ ಹೊರಟ ಮೇಲೇ ಪೂರ್ತಿ ತೆರೆಯುವುದು. ಡೀಸೆಲ್ ವಾಸನೆ, ಕೆಸರಿನ ವಾಸನೆ, ಎರಡೂ ಬದಿಗೆ ಬೇರುಗಳನ್ನು ನೀರಿಗಿಳಿಬಿಟ್ಟು ನಿಂತ ಕಾಂಡ್ಲಾ ಗಿಡಗಳು. ಈ ಕಡೆ ಮೊಸಳೆಗಳಿವೆ ಎಂಬ ಫಲಕ ದಡದಲ್ಲೇ ಓದಿ ಬಂದಿದ್ದರಿಂದ ತೇಲುವ ಕೊರಡು ಕಂಡರೂ ಕತ್ತು ಅತ್ತ ತಿರುಗುತ್ತದೆ. ಹೊರಟಾಗ ಚಹಾದ ಬಣ್ಣಕ್ಕಿದ್ದ ನೀರು ನೋಡನೋಡುತ್ತ ಹಸಿರಾಗಿ, ಆಮೇಲೆ ನೀಲಿಯಾಗಿ, ಗಂಟೆಯೊಳಗೆ ದೋಣಿಯ ನೆರಳು ತಳದ ಮರಳಿನ ಮೇಲೆ ಕಾಣುವಷ್ಟು ತಿಳಿಯಾಗುತ್ತದೆ.

ನಾವು ಹೊರಟಿದ್ದ ಜಾಲಿ ಬಾಯ್ ದ್ವೀಪಕ್ಕೆ ಜೆಟ್ಟಿಯಿಲ್ಲ. ದೊಡ್ಡ ದೋಣಿ ದೂರದಲ್ಲೇ ನಿಂತು, ತಳಕ್ಕೆ ಗಾಜು ಕೂರಿಸಿದ ಪುಟ್ಟ ದೋಣಿಗಳು ನಮ್ಮನ್ನು ದಡ ಮುಟ್ಟಿಸಿದವು. ಮನೆಯಿಲ್ಲ, ಅಂಗಡಿಯಿಲ್ಲ, ರಾತ್ರಿ ಉಳಿಯುವ ಮಾತೇ ಇಲ್ಲ. ಮರಳು ಹಿಟ್ಟಿನಷ್ಟು ಬಿಳಿ.

ನೀರಿಗಿಳಿಸುವ ಹುಡುಗನ ಅಂಗೈ ಉಪ್ಪುನೀರಿಗೆ ಸುಕ್ಕುಗಟ್ಟಿತ್ತು. ಮುಖಗವಸಿನ ಗಾಜಿಗೆ ನನ್ನಿಂದಲೇ ಉಗುಳಿಸಿ, ಉಜ್ಜಿ ತೊಳೆದುಕೊಟ್ಟ. ಹಾಗೆ ಮಾಡಿದರೆ ಮಂಜು ಕಟ್ಟುವುದಿಲ್ಲವಂತೆ. (ಮಡಿವಂತರು ತುಸು ಸಹಿಸಿಕೊಳ್ಳಬೇಕು.) ಕೊಳವೆಯನ್ನು ಹಲ್ಲಲ್ಲಿ ಕಚ್ಚಿಸಿ, "ಪೈರ್ ನೀಚೆ ಮತ್ ರಖನಾ, ಸಾಬ್" ಎಂದ. ಕಾಲು ಊರಬೇಡಿ. ಅಷ್ಟೇ ಪಾಠ.

ಮುಖ ಅದ್ದಿದ ಕೂಡಲೇ ಕೇಳುವುದು ನಮ್ಮದೇ ಉಸಿರು, ಯಾರೋ ಬೆನ್ನ ಹಿಂದೆ ಗೊರಕೆ ಹೊಡೆದಂತೆ. ಅದಕ್ಕೆ ಕಿವಿ ಹೊಂದಿಕೊಂಡ ಮೇಲೆ ಇನ್ನೊಂದು ಸದ್ದು: ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ, ಎಲ್ಲ ದಿಕ್ಕಿನಿಂದಲೂ. ಬಂಡೆಯ ಸಂದುಗಳಲ್ಲಿರುವ ಬೆರಳುದ್ದದ ಸೀಗಡಿಗಳು ಕೊಂಡಿ ಮಿಡಿಯುವ ಸದ್ದದು. ಅದರ ನಡುವೆ ಕಟಕಟ ಅಂತ ಕಲ್ಲುಸಕ್ಕರೆ ಕಡಿದಂತೆ. ನೋಡಿದರೆ ಹಸಿರು-ಗುಲಾಬಿ ಮೈಯ ಗಿಳಿಮೀನೊಂದು ಸತ್ತ ಹವಳದ ಮೇಲಿನ ಪಾಚಿಯನ್ನು ಕಲ್ಲಿನ ಸಮೇತ ಕೆರೆದು ತಿನ್ನುತ್ತಿದೆ. ಸ್ವಲ್ಪ ಮುಂದೆ ಹೋಗಿ ಬಾಲದ ಕಡೆಯಿಂದ ಬಿಳಿ ಪುಡಿಯ ಮೋಡವೊಂದನ್ನು ಬಿಟ್ಟಿತು. ಮೇಲೆ ನಾವು ಬರಿಗಾಲಲ್ಲಿ ಮೆಚ್ಚಿ ನಡೆದ ಮರಳಿನಲ್ಲಿ ಇಂಥ ಮೀನುಗಳ ಪಾಲು ಬಹಳವಿದೆ.

ಸುತ್ತಲೂ ಹವಳಗಳು: ಸಾರಂಗದ ಕೊಂಬಿನಂಥವು, ಅಕ್ರೋಟಿನ ತಿರುಳಿನಂಥವು. ಒಂದು ಕಡೆ ನಮ್ಮ ಅಡುಗೆಮನೆಯ ಒರಳುಕಲ್ಲಿನಷ್ಟು ದಪ್ಪದ ಹವಳ. ಇಂಥ ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಹುಡುಗನ ಮಾತು ಆಗ ಅರ್ಥವಾಗಿ ನನ್ನ ಮೊಣಕಾಲು ತಾನಾಗಿ ಮೇಲೆ ಬಂತು.

ಎಲ್ಲವೂ ಬಣ್ಣವೇ ಎಂದರೆ ಸುಳ್ಳಾದೀತು. ದಡದ ಹತ್ತಿರ ಬೂದಿ ಮೆತ್ತಿದಂಥ ಹವಳದ ಮುರುಕು ಕೊಂಬೆಗಳು ಮಾರುದ್ದಕ್ಕೂ ಬಿದ್ದಿದ್ದವು. ಸಮುದ್ರ ಒಂದೆರಡು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ಇದ್ದರೆ, ಹವಳದ ಹುಳು ತನ್ನೊಳಗೇ ಇದ್ದು ಅನ್ನ ಹಾಕುವ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಅಂಡಮಾನಿನಲ್ಲಿ 2010ರ ಬೇಸಿಗೆಯಲ್ಲಿ ಹಾಗಾಯಿತು, 2016ರಲ್ಲಿ ಮತ್ತೆ. ಚಿಗುರಿದ್ದು ಚಿಗುರಿತು, ಉಳಿದದ್ದು ಸತ್ತಿತು. ಇಲ್ಲಿ ಬಾಟಲಿ ಎಣಿಸಬಹುದು, ಬಿಸಿಲು ಎಣಿಸುವವರು ಯಾರು?

ಸಿಲಿಂಡರ್ ಹೊತ್ತು ಆಳಕ್ಕಿಳಿಯುವ ಆಸೆಯವರು ಹ್ಯಾವ್‌ಲಾಕ್ ದ್ವೀಪಕ್ಕೆ ಹೋಗುತ್ತಾರೆ. ನಮ್ಮೂರ ಕಡೆಯವರಾದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ. ಜಾಲಿ ಬಾಯ್‌ಗೆ ತೇಲುವವರೇ ಸಾಕು. ಇದು ಸೇರಿದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ 1983ರಲ್ಲಿ ಆಗಿದ್ದು. 15 ದ್ವೀಪ, 281.5 ಚದರ ಕಿ.ಮೀ. ಅಷ್ಟರಲ್ಲಿ ನಮ್ಮಂಥವರಿಗೆ ತೆರೆದಿರುವುದು ಒಂದು ದ್ವೀಪದ ಒಂದು ಮಗ್ಗುಲು. ಮಳೆಗಾಲಕ್ಕೆ ಇದನ್ನೂ ಮುಚ್ಚಿ ಪಕ್ಕದ ರೆಡ್‌ಸ್ಕಿನ್ ತೆರೆಯುತ್ತಾರೆ.

ಮಧ್ಯಾಹ್ನ ಜೆಟ್ಟಿಯಲ್ಲಿ ಬಾಟಲಿಗಳ ಎಣಿಕೆ ಮತ್ತೆ ನಡೆಯಿತು. ಅಜ್ಜಿ ಎರಡನ್ನೂ ತೋರಿಸಿ ಠೇವಣಿ ವಾಪಸು ಪಡೆದರು. ಹುಡುಗ ಮುಖಗವಸುಗಳನ್ನು ಸಿಹಿನೀರಿನ ಬಕೆಟ್ಟಿಗೆ ಅದ್ದಿ ಸಾಲಾಗಿ ಬೋರಲು ಹಾಕುತ್ತಿದ್ದ. ನಾಳೆ ಎಷ್ಟು ಗಂಟೆಗೆ ಮೊದಲ ದೋಣಿ ಎಂದು ಕೇಳಿದೆ. ನಾಳೆ ಸೋಮವಾರ, ದ್ವೀಪಕ್ಕೆ ರಜೆ ಎಂದ.