ಮಗುವಿನ ತಟ್ಟೆಯೂ ಸರಕಾರದ ಕಾಯಿದೆಯೂ

ಮಗುವಿನ ತಟ್ಟೆಯಲ್ಲಿ ಏನಿರಬೇಕೆಂಬುದು ತಾಯಿತಂದೆಯರ ವಿಚಾರವೆ, ಸರಕಾರದ ವಿಚಾರವೆ? ಮನೆಯ ಅಡುಗೆಯ ಮಟ್ಟಿಗೆ ಉತ್ತರ ಸುಲಭ. ಆದರೆ ಬೆಳಗಾವಿ ನಗರದ ಉಪಾಹಾರ ಗೃಹದಲ್ಲಾಗಲಿ, ಖಾನಾಪುರದ ಬಸ್ ನಿಲ್ದಾಣದ ಬಳಿಯ ಗಾಡಿಯಲ್ಲಾಗಲಿ ಕೊಂಡ ತಿಂಡಿಯಲ್ಲಿ ಎಷ್ಟು ಸಕ್ಕರೆ, ಎಷ್ಟು ಉಪ್ಪು, ಎಷ್ಟು ಜಿಡ್ಡು ಸೇರಿದೆಯೆಂಬುದು ಕಣ್ಣಿಗೆ ಕಾಣುವುದಿಲ್ಲ. ಕಾಣದುದನ್ನು ತೂಗಿ ಆರಿಸುವುದು ಹೇಗೆ? ಕಾಯಿದೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೆ.

ಮೊದಲು ಲೆಕ್ಕವನ್ನು ನೋಡೋಣ. ಆಹಾರದ ಶಕ್ತಿಯನ್ನು ಅಳೆಯುವ ಮಾನ ಕಿಲೊಕ್ಯಾಲೊರಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಸೆಲ್ಸಿಯಸ್ ಡಿಗ್ರಿ ಏರಿಸಲು ಬೇಕಾಗುವ ಶಾಖವೇ ಅದು. ಒಂದು ಗ್ರಾಂ ಸಕ್ಕರೆಯಿಂದ ಸುಮಾರು 4, ಒಂದು ಗ್ರಾಂ ಎಣ್ಣೆಯಿಂದ ಸುಮಾರು 9 ಕಿಲೊಕ್ಯಾಲೊರಿ ದೊರೆಯುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಅಂದಾಜಿನಂತೆ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕಿಲೊಕ್ಯಾಲೊರಿ ಬೇಕು. ಬೆರೆಸಿದ ಸಕ್ಕರೆಯ ಪಾಲು ಇದರ ಹತ್ತರಲ್ಲೊಂದಕ್ಕಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಅಂದರೆ 170 ಕಿಲೊಕ್ಯಾಲೊರಿ, ಸುಮಾರು 42 ಗ್ರಾಂ ಸಕ್ಕರೆ. 300 ಮಿಲಿಲೀಟರಿನ ಒಂದು ಸಾಧಾರಣ ಸಿಹಿ ತಂಪು ಪಾನೀಯದಲ್ಲಿಯೇ ಸುಮಾರು 32 ಗ್ರಾಂ ಸಕ್ಕರೆಯಿರುತ್ತದೆ. ದಿನದ ಮಿತಿಯ ಮುಕ್ಕಾಲು ಪಾಲು ಒಂದೇ ಸೀಸೆಯಲ್ಲಿ ಮುಗಿಯಿತು!

ಈ 32 ಗ್ರಾಂ ಸಕ್ಕರೆಯ ಶಕ್ತಿ 128 ಕಿಲೊಕ್ಯಾಲೊರಿ, ಎಂದರೆ ಸುಮಾರು 535 ಕಿಲೋಜೌಲ್. ಸ್ನಾಯುಗಳು ಇದರ ಕಾಲು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವೆಂದು ಇಟ್ಟುಕೊಂಡರೂ, 25 ಕಿಲೋಗ್ರಾಂ ತೂಕದ ಮಗು ಅಷ್ಟರಿಂದ ಸುಮಾರು 550 ಮೀಟರ್ ಎತ್ತರ ಏರಬಹುದು. ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆಯಷ್ಟೆ. ಗೋವೆಯ ಕಡಲ ತೀರದಿಂದ ಬೆಳಗಾವಿಯವರೆಗಿನ ಏರಿಕೆಯ ಮುಕ್ಕಾಲು ಭಾಗ ಒಂದು ಸೀಸೆಯಲ್ಲಿ ಅಡಗಿದೆ. ಕುಳಿತು ಕುಡಿದ ಮಗು ಹಾಗೆ ಏರುವುದಿಲ್ಲ. ದೇಹಕ್ಕೆ ಬೇಡವಾಗಿ ಉಳಿದ ಶಕ್ತಿ ಮೇದಸ್ಸಾಗಿ ಶೇಖರವಾಗುತ್ತದೆ.

ನಮ್ಮ ಕಾಯಿದೆಗಳು ಈ ವಿಷಯದಲ್ಲಿ ಏನು ಮಾಡಿವೆ? ವಿಷಕಾರಿ ವಸ್ತುವನ್ನು ನಿಷೇಧಿಸುವುದು ಸರಳ. 2024ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನೂ, ಬೊಂಬಾಯಿ ಮಿಠಾಯಿಯಲ್ಲಿ ರೋಡಮಿನ್-ಬಿ ಬಣ್ಣವನ್ನೂ ನಿಷೇಧಿಸಿತು. ಸಕ್ಕರೆ, ಉಪ್ಪು, ಎಣ್ಣೆಗಳಾದರೋ ವಿಷವಲ್ಲ. ಅತಿಯಾದಾಗ ಮಾತ್ರ ಕೆಡುಕು. ಇವುಗಳಿಗೆ ಮಿತಿ ಹಾಕುವುದು ಕಷ್ಟ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರಲ್ಲಿ ಹೊರಡಿಸಿದ ನಿಯಮದಂತೆ, ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಾಗಿರುವ ಆಹಾರವನ್ನು ಶಾಲೆಯ ಆವರಣದಲ್ಲಾಗಲಿ, ಶಾಲಾದ್ವಾರದಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರಕೂಡದು. 50 ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ ಎರಡು ಎಕರೆಗೂ ತುಸು ಕಡಿಮೆ. ಹಳ್ಳಿಯಿಂದ ಖಾನಾಪುರಕ್ಕೆ ಓದಲು ಬರುವ ಹುಡುಗನು ಸಂಜೆ ಬಸ್ಸಿಗೆ ಕಾಯುವ ಸ್ಥಳ ಈ ವೃತ್ತದ ಹೊರಗಿದ್ದರೆ, ಅಲ್ಲಿ ಈ ನಿಯಮ ಅವನನ್ನು ಕಾಯಲಾರದು.

ಇನ್ನೊಂದು ನಿಯಮದಂತೆ, 10 ಅಥವಾ ಹೆಚ್ಚು ಕಡೆ ಮಳಿಗೆಗಳಿರುವ ಹೋಟೆಲು ಸಂಸ್ಥೆಗಳು ತಿಂಡಿಯ ಪಟ್ಟಿಯಲ್ಲಿ ಕ್ಯಾಲೊರಿಗಳನ್ನು ತೋರಿಸಬೇಕು. ಬೆಳಗಾವಿಯಲ್ಲಿ ಶಾಖೆ ತೆರೆದ ದೊಡ್ಡ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ. ಒಂದೇ ಮಳಿಗೆಯ ಖಾನಾವಳಿಗೆ ಸಾಮಾನ್ಯವಾಗಿ ಅನ್ವಯಿಸದು. ಮೇಲಾಗಿ ಪಟ್ಟಿಯ ಜೊತೆಗೆ ಬರೆಯಬೇಕಾದ 2,000 ಕಿಲೊಕ್ಯಾಲೊರಿಯ ಪ್ರಮಾಣವು ವಯಸ್ಕರದು, ಎಂಟು ವರ್ಷದ ಮಗುವಿನದಲ್ಲ.

ಬೇರೆ ದೇಶದ ಅನುಭವ ಬೋಧಪ್ರದವಾಗಿದೆ. ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೊ ನಗರವು, 600 ಕಿಲೊಕ್ಯಾಲೊರಿ ಮೀರಿದ ಮಕ್ಕಳ ಊಟದೊಡನೆ ಆಟಿಕೆಯನ್ನು ಪುಕ್ಕಟೆಯಾಗಿ ಕೊಡಕೂಡದೆಂದು 2010ರಲ್ಲಿ ಗೊತ್ತುಮಾಡಿತು. ಮ್ಯಾಕ್‌ಡೊನಾಲ್ಡ್ಸ್ ಸಂಸ್ಥೆ ಆಟಿಕೆಗೆ 10 ಸೆಂಟು ಬೆಲೆ ಕಟ್ಟಿ ಕಾಯಿದೆಯಿಂದ ನುಣುಚಿಕೊಂಡಿತು. ಕ್ಯಾಲಿಫೋರ್ನಿಯ ರಾಜ್ಯ 2019ರಿಂದ ಬೇರೆ ದಾರಿ ಹಿಡಿದಿದೆ. ಅಲ್ಲಿ ಮಕ್ಕಳ ಊಟದ ಜೊತೆ ತಾನಾಗಿಯೇ ಬರುವ ಪಾನೀಯ ನೀರು ಇಲ್ಲವೆ ಸಿಹಿ ಬೆರೆಸದ ಹಾಲು. ಬೇರೆಯದನ್ನು ಕೇಳಿದವರಿಗೆ ಕೊಡಬಹುದು. ಯಾರ ಸ್ವಾತಂತ್ರ್ಯಕ್ಕೂ ಭಂಗವಿಲ್ಲ.

ಈ ಉಪಾಯದ ತತ್ತ್ವವನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಬೇಗ ಗ್ರಹಿಸಬಹುದು. ನಿಂತ ವಸ್ತುವು ಬಲಪ್ರಯೋಗವಿಲ್ಲದೆ ಚಲಿಸದು. ಮನುಷ್ಯನ ಆಯ್ಕೆಗೂ ಅಂಥದೇ ಜಡತ್ವವಿದೆ: ಎದುರಿಗೆ ಇಟ್ಟುದನ್ನು ಬದಲಿಸಲು ಕೇಳಬೇಕು, ಯೋಚಿಸಬೇಕು. ಸಿಹಿ ಪಾನೀಯವನ್ನೇ ಮೊದಲು ಇಟ್ಟರೆ ಜಡತ್ವ ಅದರ ಪಕ್ಷದಲ್ಲಿರುತ್ತದೆ; ನೀರನ್ನೋ ಮಜ್ಜಿಗೆಯನ್ನೋ ಇಟ್ಟರೆ ಆರೋಗ್ಯದ ಪಕ್ಷದಲ್ಲಿ.

ಇದಕ್ಕೆ ನಮ್ಮಲ್ಲಿ ದುಬಾರಿ ಯಂತ್ರವೇನೂ ಬೇಕಿಲ್ಲ. ಉಪ್ಪಿನಕಾಯಿ, ಹಪ್ಪಳಗಳನ್ನು ಕೇಳಿದರೆ ಮಾತ್ರ ಬಡಿಸುವುದು, ಮಕ್ಕಳಿಗೆ ಅಳತೆಗೆ ತಕ್ಕ ಚಿಕ್ಕ ತಟ್ಟೆ ಇಡುವುದು, ಪಾನಕಕ್ಕೆ ಮೊದಲು ನೀರು ಕೊಡುವುದು: ಇವಿಷ್ಟನ್ನು ಖಾನಾಪುರದ ಚಿಕ್ಕ ಖಾನಾವಳಿಯೂ ಮಾಡಬಲ್ಲದು. ಕುಂದಾ ಬೆಳಗಾವಿಯ ಹೆಮ್ಮೆ. ಅದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಹಬ್ಬದ ಸಿಹಿ ನಿತ್ಯದ ಊಟವಾಗದಂತೆ ನೋಡಿಕೊಳ್ಳುವುದಷ್ಟೇ ಕಾಯಿದೆಯ ಕೆಲಸ. ಮಗುವು ತನ್ನ ಲೆಕ್ಕವನ್ನು ತಾನೇ ಹಾಕಲಾರದಾದುದರಿಂದ, ಆ ಲೆಕ್ಕವನ್ನು ನಾವು, ದೊಡ್ಡವರು, ಹಾಕಬೇಕಾಗಿದೆ.